ಮೂವರು ತಿಲಗವತಿಯರು

ಪ್ರಾಂಶುಪಾಲ ಜ್ಞಾನದುರೈಯವರು ಪ್ರಾಣಿಶಾಸ್ತ್ರ ವಿಭಾಗದ ಮೆಟ್ಟಿಲು ಹತ್ತಿ ಬಂದದ್ದು ಅದು ಎರಡನೇ ಸಲ. ಮೊದಲ ಸಲ ಬಂದಾಗ ಈ ವಿಭಾಗದ ಗಾಜಿನ ಪೆಟ್ಟಿಗೆಯಿಂದ ತಪ್ಪಿಸಿಕೊಂಡ ಹಸಿರುಹಾವೊಂದು ಅವರ ಮೇಜಿನ ಕಡತಗಳ ಮೇಲೆ ಹಾಯಾಗಿ ಮಲಗಿತ್ತು; ಆಗ ಬೈಯಲು ಬಂದಿದ್ದರು. ಈ ಸಲ ಮುಖದಲ್ಲಿ ಹಬ್ಬದ ಕಳೆ. ತಿಲಗವತಿ ಕೈಯಲ್ಲಿದ್ದ ಬಸವನಹುಳುವನ್ನು ತಟ್ಟೆಗೆ ಬಿಟ್ಟು ಎದ್ದು ನಿಂತಳು.

“ಕೂತ್ಕೊಳ್ಳಿ ಮೇಡಂ, ಕೂತ್ಕೊಳ್ಳಿ. ನೀವು ಇಷ್ಟು ದೊಡ್ಡೋರು ಅಂತ ನಮಗೆ ಗೊತ್ತೇ ಇರ್ಲಿಲ್ವಲ್ಲ! ಎರಡೆರಡು ಕ್ಷೇತ್ರ! ಒಂದು ಬಸವನಹುಳು, ಇನ್ನೊಂದು ದಂತವೈದ್ಯಕೀಯ!”

“ದಂತವೈದ್ಯಕೀಯನಾ ಸಾರ್?”

“ಹಲ್ಲು ಮೇಡಂ, ಹಲ್ಲು. ಬಾಯಲ್ಲಿರೋದು.”

ಪಾಳೆಯಂಕೋಟೆಯ ಆ ಕಾಲೇಜು ಹಿಂದಿನ ವರ್ಷ ಯಾವುದೋ ವಿದೇಶಿ ಕಂಪನಿಯ ಎಣಿಕೆ ಯಂತ್ರಕ್ಕೆ ಚಂದಾ ಕಟ್ಟಿತ್ತು. ಯಾರು ಎಷ್ಟು ಪ್ರಬಂಧ ಬರೆದರು, ಆ ಪ್ರಬಂಧಗಳನ್ನು ಲೋಕದಲ್ಲಿ ಎಷ್ಟು ಜನ ಉಲ್ಲೇಖಿಸಿದರು ಎಂದೆಲ್ಲ ಲೆಕ್ಕ ಹಾಕಿ ಆ ಯಂತ್ರ ಒಬ್ಬೊಬ್ಬ ಅಧ್ಯಾಪಕರಿಗೂ ಒಂದು ಅಂಕಿ ಕೊಡುತ್ತಿತ್ತು. ಅಲ್ಲಿಯವರೆಗೆ ಅಧ್ಯಾಪಕರ ಕೋಣೆಯಲ್ಲಿ ಮಗಳ ಮದುವೆ, ಮಗನ ಸೀಟು, ಮಂಡಿನೋವು ಎಂದು ಮನುಷ್ಯರ ಮಾತು ನಡೆಯುತ್ತಿತ್ತು. ಈಗ ಒಬ್ಬರು ಇನ್ನೊಬ್ಬರನ್ನು ನೋಡುತ್ತಿದ್ದದ್ದೇ ಆ ಅಂಕಿಯ ಮೂಲಕ. ರಸಾಯನಶಾಸ್ತ್ರದ ನಂಬಿರಾಜನ್ ಅವರದು ಎಲ್ಲರಿಗಿಂತ ದೊಡ್ಡ ಅಂಕಿ. ಅವರ ತಂಡದಲ್ಲಿ ಹದಿನಾಲ್ಕು ಜನ. ಎಲ್ಲರೂ ಸೇರಿ ಒಂದು ಪ್ರಬಂಧ ಬರೆಯುವುದು, ಆಮೇಲೆ ಎಲ್ಲರೂ ಒಬ್ಬರನ್ನೊಬ್ಬರು ಉಲ್ಲೇಖಿಸುವುದು. ಮದುವೆಮನೆಯ ಮುಯ್ಯಿಯ ಹಾಗೆ, ನೀನು ಹಾಕಿದ್ದನ್ನು ನಾನು ತಿರುಗಿ ಹಾಕುವ ಪದ್ಧತಿ. ಪಾಪ, ಬಸವನಹುಳುವಿನ ಲೋಕ ಅಷ್ಟು ಸಮೃದ್ಧವಲ್ಲ. ಬಸವನಹುಳುವಿನ ಹಲ್ಲಿನ ಬಗ್ಗೆ ಆಸಕ್ತಿ ಇರುವವರನ್ನು ಭೂಮಂಡಲದಿಂದೆಲ್ಲ ಹೆಕ್ಕಿ ತಂದರೂ ಒಂದು ಮಿನಿಬಸ್ಸು ತುಂಬುವುದು ಕಷ್ಟ.

ಹೌದು, ಬಸವನಹುಳುವಿಗೆ ಹಲ್ಲಿದೆ. ನಾಲಿಗೆಯ ಮೇಲೆ ಸಾಲುಸಾಲಾಗಿ, ಅರದ ಹಾಗೆ. ಯಂತ್ರ ಎಡವಿದ್ದೂ ಅಲ್ಲೇ. ಸೇಲಂನಲ್ಲಿ ಎಸ್. ತಿಲಗವತಿ ಎಂಬ ದಂತವೈದ್ಯೆ ಇದ್ದಳು, ಮನುಷ್ಯರ ಹಲ್ಲು ಸವೆಯುವುದರ ಬಗ್ಗೆ ದಂಡಿಯಾಗಿ ಬರೆದವಳು. ಇಲ್ಲಿ ಎಸ್. ತಿಲಗವತಿ, ಕೆರೆಯ ಬಸವನಹುಳುವಿನ ಹಲ್ಲು ಸವೆಯುವುದರ ಬಗ್ಗೆ ಅಪರೂಪಕ್ಕೊಮ್ಮೆ ಬರೆಯುವವಳು. ಹೆಸರೂ ಒಂದೇ, ಹಲ್ಲೂ ಒಂದೇ. ಯಂತ್ರ ಇಬ್ಬರನ್ನೂ ಒಂದೇ ಹೆಂಗಸೆಂದು ತೀರ್ಮಾನಿಸಿ ಪಾಳೆಯಂಕೋಟೆಯ ವಿಳಾಸಕ್ಕೆ ಕಟ್ಟಿಬಿಟ್ಟಿತ್ತು.

“ಸಾರ್, ಹಲ್ಲಿನ ಡಾಕ್ಟರು ನಾನಲ್ಲ. ಅವ್ರು ಬೇರೆ ಯಾರೋ,” ಎಂದಳು ತಿಲಗವತಿ.

ಜ್ಞಾನದುರೈಯವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಅದು ನನಗೆ ಗೊತ್ತಿಲ್ವಾ? ನಿಮ್ಮ ಕೈಲಿ ಇಕ್ಕಳ ಕೊಟ್ಟೋರು ಯಾರು? ಆದ್ರೆ ನಾವೇನು ಕದ್ವಾ? ಯಂತ್ರ ತಾನಾಗೇ ಕೊಟ್ಟಿದೆ, ಕರ್ತನ ಕೃಪೆ. ಬರೋ ವಾರ ಪ್ರಾಧ್ಯಾಪಕ ಹುದ್ದೆಗೆ ಸಂದರ್ಶನ. ಇರೋದು ಒಂದು ಹುದ್ದೆ. ನೀವಿಲ್ದಿದ್ರೆ ಅದು ನಂಬಿರಾಜನ್‌ಗೆ. ಆಮೇಲೆ ಅವ್ರು ನನ್ನ ಕುರ್ಚಿ ಮೇಲೆ ಕಣ್ಣು ಹಾಕ್ತಾರೆ. ಈಗ ಹೇಳಿ, ಹಲ್ಲು ನಿಮ್ದಾ, ಅಲ್ವಾ?”

ತಿಲಗವತಿ ಬಸವನಹುಳುವಿನ ತಟ್ಟೆಯ ಕಡೆ ತಿರುಗಿದಳು. ಆ ಹುದ್ದೆ ಅವಳಿಗೆ ಬೇಕಿತ್ತು, ಮರ್ಯಾದೆಗೆಂದಲ್ಲ. ಪ್ರಾಧ್ಯಾಪಕರಿಗೆ ವರ್ಷಕ್ಕೆ ಮೂರು ತಿಂಗಳು ಸಂಶೋಧನೆಯ ರಜೆ ಸಿಗುತ್ತಿತ್ತು. ಆ ರಜೆ ಸಿಕ್ಕಿದರೆ ಅವಳು ತೂತ್ತುಕುಡಿಯ ಸಮುದ್ರದ ಬಂಡೆಗಳಿಗೆ ವಾಪಸು ಹೋಗಬಹುದಿತ್ತು. ಮದುವೆಗೆ ಮುಂಚೆ ಅವಳು ಅಲ್ಲೇ ಒಂದು ಪ್ರಯೋಗಾಲಯದಲ್ಲಿದ್ದಳು. ಅಲೆ ಹಿಂದೆ ಸರಿದಾಗ ಸೀರೆ ಎತ್ತಿ ಕಟ್ಟಿ ಬಂಡೆಯ ಮೇಲೆ ಕೂತು, ಬಂಡೆ ಒರಟಾದಷ್ಟೂ ಅದಕ್ಕೆ ಅಂಟಿರುವ ಹುಳುವಿಗೆ ಹೊಸ ಹಲ್ಲು ಬೇಗ ಬೇಗ ಹುಟ್ಟುತ್ತದೆ ಎಂದು ಮೊದಲು ಕಂಡವಳು ಅವಳು. ಬಸ್ಸಿನಲ್ಲಿ ಒಂದು ಗಂಟೆ ಚಿಲ್ಲರೆ ದಾರಿ. ಆದರೆ ಪಾಠ, ಮನೆ, ಅತ್ತೆ, ಮಗಳ ಓದು ಎಂದು ಇಪ್ಪತ್ತನಾಲ್ಕು ವರ್ಷಗಳಲ್ಲಿ ಅವಳು ತೂತ್ತುಕುಡಿಗೆ ಹೋದದ್ದು ನೆಂಟರ ಮದುವೆಗಳಿಗೆ ಮಾತ್ರ; ಅಲ್ಲೂ ಸಮುದ್ರ ಕಲ್ಯಾಣಮಂಟಪದ ಹಿಂದೆ ಇರುತ್ತಿತ್ತು. ಮನೆ ಹತ್ತಿರದ ಕೆರೆಯ ಹುಳುವಿನಲ್ಲೇ ಅವಳು ಸಮಾಧಾನ ಮಾಡಿಕೊಂಡಿದ್ದಳು.

ಸಮುದ್ರದ ಪ್ರಬಂಧಗಳೆಲ್ಲ ಇದ್ದದ್ದು ವಿ. ತಿಲಗವತಿ ಎಂಬ ಹೆಸರಿನಲ್ಲಿ. ವಿ ಎಂದರೆ ಅಪ್ಪ ವೇಲಾಯುದಂ. ಮದುವೆಯಾದ ವಾರವೇ ಅವಳ ಇನಿಷಿಯಲ್ ಬದಲಾಯಿತು. ಆ ಊರಿನಲ್ಲಿ ಅದು ಕಾಲುಂಗುರ ತೊಡಿಸಿದಷ್ಟು ಸಹಜ. ಅಪ್ಪನ ಅಕ್ಷರ ಇಳಿಸಿ ಗಂಡನ ಅಕ್ಷರ ಏರಿಸುವುದು. ಗಂಡ ಸುಡಲೈಮುತ್ತು ವಿದ್ಯುತ್ ಮಂಡಳಿಯ ಎಂಜಿನಿಯರು, ಫಾರಂ ತುಂಬುವುದರಲ್ಲಿ ನಿಪುಣ. ರೇಷನ್ ಕಾರ್ಡಿನಿಂದ ಹಿಡಿದು ಬ್ಯಾಂಕಿನ ಪುಸ್ತಕದವರೆಗೆ ಎಲ್ಲದರಲ್ಲೂ ಒಂದೇ ವಾರದಲ್ಲಿ ಎಸ್. ತಿಲಗವತಿ ಎಂದು ಮಾಡಿಸಿ ಮೀಸೆ ತಿರುವಿಕೊಂಡಿದ್ದ. ಆಮೇಲಿನ ಪ್ರಬಂಧಗಳೂ ಅದೇ ಹೆಸರಿನಲ್ಲಿ ಹೋದವು. ವಿ. ತಿಲಗವತಿಯ ಐದು ಪ್ರಬಂಧಗಳನ್ನು ಮಿನಿಬಸ್ಸಿನ ಜನ ಇವತ್ತಿಗೂ ಓದುತ್ತಿದ್ದರು. ಎಸ್. ತಿಲಗವತಿಯನ್ನು ಹೆಚ್ಚಾಗಿ ಉಲ್ಲೇಖಿಸುತ್ತಿದ್ದವಳು ಎಸ್. ತಿಲಗವತಿಯೇ.

ಎರಡು ದಿನದಲ್ಲಿ ಸುದ್ದಿ ಊರೆಲ್ಲ ಹರಡಿತು. ವಾಣಿಜ್ಯ ವಿಭಾಗದವರು ಬಂದು ಬಾಯಿ ತೆರೆದು ಕೂತರು. ಮನೆಯಲ್ಲಿ ಅತ್ತೆ ಪೇಚಿಯಮ್ಮಾಳ್ ಸೊಸೆಯನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡು ಹೋದರು.

“ಏಯ್ ತಿಲಗಂ, ಈ ಕಡೇದು ನೋಡೇ. ಇಷ್ಟು ವರ್ಷ ಮನೇಲೇ ಡಾಕ್ಟ್ರನ್ನ ಇಟ್ಕೊಂಡು ನಾನು ಲವಂಗ ಕಚ್ಕೊಂಡು ಕೂತಿದ್ನಲ್ಲೇ!”

“ಅತ್ತೆ, ನಾನು ನೋಡೋದು ಬಸವನಹುಳು ಹಲ್ಲು.”

“ಅದಕ್ಕೆ ನೋಡ್ತೀಯ, ಅತ್ತೆಗೆ ನೋಡಲ್ವಾ?”

ಸುಡಲೈಮುತ್ತು ಪೇಪರಿನ ಹಿಂದಿನಿಂದ, “ಅಮ್ಮಾ, ಹುಳು ಬಾಯಿ ಮುಚ್ಕೊಂಡಿರುತ್ತೆ. ಅದಕ್ಕೇ ಅವಳಿಗೆ ಅದು ಇಷ್ಟ,” ಎಂದ. ಅವನಿಗೆ ಕೀಟಲೆ ಮಾಡದೆ ಇದ್ದರೆ ಊಟ ಸೇರುತ್ತಿರಲಿಲ್ಲ. ಯಂತ್ರದ ಪುಟವನ್ನು ಅವನೂ ನೋಡಿದ್ದ. “ಅಲ್ವೇ, ಆ ವಿ. ತಿಲಗವತಿ ಭಾರೀ ಜೋರಾಗಿದ್ದಾಳೆ ಕಣೆ! ಡೆನ್ಮಾರ್ಕ್‌ನೋರೆಲ್ಲ ಅವಳನ್ನ ಕೊಂಡಾಡ್ತಾರೆ. ನನಗೆ ಮಾತ್ರ ಈ ಎಸ್. ತಿಲಗವತಿ ಗಂಟುಬಿದ್ಲು ನೋಡು.”

ತಿಲಗವತಿ ನಕ್ಕಳು. ನಕ್ಕ ಮೇಲೆ ಆ ಮಾತು ಎಲ್ಲೋ ಒಳಗೆ ಚುಚ್ಚಿದ್ದು ತಿಳಿಯಿತು. ಗಂಡ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅವಳಿಗೆ ವಿ. ತಿಲಗವತಿಯ ಮೇಲೆ ಹೊಟ್ಟೆಕಿಚ್ಚಾಯಿತು. ಇಪ್ಪತ್ತಾರರ ಆ ಹುಡುಗಿ ತಾನೇ ಎಂದು ನೆನಪಾಗಿ ಆ ಕಿಚ್ಚು ಇನ್ನೂ ಹೆಚ್ಚಾಯಿತು.

ಮರುದಿನ ಸೇಲಂನಿಂದ ಫೋನು ಬಂತು.

“ಹಲೋ, ಎಸ್. ತಿಲಗವತಿಯವ್ರಾ? ನಾನೂ ಎಸ್. ತಿಲಗವತಿನೇ. ಹಲ್ಲಿನ ಡಾಕ್ಟರು.” ದನಿ ಚಿಕ್ಕ ವಯಸ್ಸಿನದು, ಸಿಟ್ಟು ಮಾತ್ರ ದೊಡ್ಡದು. “ನಿಮ್ಮ ಹುಳುಗಳನ್ನ ದಯವಿಟ್ಟು ವಾಪಸ್ ತಗೊಳ್ಳಿ. ನನ್ನ ಹಲ್ಲುಗಳನ್ನ ವಾಪಸ್ ಕೊಡಿ. ನಮ್ಮ ಡೀನ್ ಎಲ್ಲರ ಮುಂದೆ ಕೇಳ್ತಾರೆ, ಏನ್ ಡಾಕ್ಟ್ರಮ್ಮಾ, ಬಸವನಹುಳುಗೂ ಹಲ್ಲು ಕೀಳ್ತೀರಾ ಅಂತ! ನನ್ನ ಕೆಲಸವೆಲ್ಲ ನಿಮ್ಮ ಕಾಲೇಜಿನ ಹೆಸರಲ್ಲಿ ಕೂತಿದೆ.”

“ತಪ್ಪು ನಂದಲ್ಲಮ್ಮ. ಯಂತ್ರ ಮಾಡಿದ್ದು.”

“ಸರಿ, ನಿಮ್ಮ ಎಸ್ ಅಂದ್ರೆ ಯಾರು? ಅಪ್ಪನಾ?”

“ಗಂಡಂದು.”

“ಅಯ್ಯೋ ಅಕ್ಕಾ, ಬದಲಾಯಿಸ್ಬಿಟ್ರಾ?” ಸಿಟ್ಟು ಇಳಿದು ದನಿಯಲ್ಲಿ ಕನಿಕರ ಬಂತು. “ನಂದು ಅಪ್ಪಂದೇ. ನಾನು ಬದಲಾಯಿಸ್ಲಿಲ್ಲ. ನಮ್ಮತ್ತೆ ಇವತ್ತಿಗೂ ಅದಕ್ಕೆ ಮುಖ ಊದಿಸ್ಕೊಂಡಿದ್ದಾರೆ. ಊದಿದ್ರೆ ಊದ್ಲಿ ಬಿಡಿ, ಹಲ್ಲುನೋವು ಅಂದ್ಕೋತೀನಿ.”

ಸಂದರ್ಶನ ಮುಗಿದ ಮೇಲೆ ಸರಿಪಡಿಸೋಣ ಎಂದು ತಿಲಗವತಿ ಹೇಳಿದಳು. ಹೇಳಿ ಫೋನು ಇಟ್ಟಾಗ ತನ್ನ ದನಿ ಜ್ಞಾನದುರೈಯವರ ದನಿಯ ಹಾಗೆ ಕೇಳಿಸಿತಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಸಂದರ್ಶನದ ಹಿಂದಿನ ದಿನ ಜ್ಞಾನದುರೈಯವರು ಅವಳನ್ನು ತಮ್ಮ ಕೋಣೆಗೆ ಕರೆಸಿಕೊಂಡರು. ಮುಖ ಬಾಡಿತ್ತು. ಚೆನ್ನೈನಿಂದ ಬರಲಿದ್ದ ತಜ್ಞ ಅಂಬಲವಾಣನ್ ಬಸವನಹುಳುವಿನ ದೊಡ್ಡ ವಿದ್ವಾಂಸರು. ಅವರು ಮುಂಚೆಯೇ ಎಲ್ಲ ಪ್ರಬಂಧಗಳನ್ನು ತರಿಸಿಕೊಂಡು ಓದಿ ಒಂದು ಆಕ್ಷೇಪ ಕಳಿಸಿದ್ದರು: ಅಭ್ಯರ್ಥಿ ಎಸ್. ತಿಲಗವತಿಯವರು ವಿ. ತಿಲಗವತಿಯವರ ಪ್ರಬಂಧದಿಂದ ಒಂದು ಪುಟವನ್ನು ಅಕ್ಷರ ಬಿಡದೆ ನಕಲು ಮಾಡಿದ್ದಾರೆ.

“ನಕಲಾ?” ತಿಲಗವತಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ಸಾರ್, ವಿ. ತಿಲಗವತಿ ನಾನೇ! ಹುಳುವಿನ ನಾಲಿಗೆಯನ್ನ ಹೇಗೆ ಬಿಡಿಸಿ ತೊಳೀಬೇಕು ಅಂತ ಒಂದ್ಸಲ ಬರ್ದಿದ್ದೆ. ತೊಳೆಯೋ ರೀತಿ ಬದಲಾಗ್ಲಿಲ್ಲ. ಮತ್ಯಾಕೆ ಬೇರೆ ಮಾತು ಹುಡುಕ್ಲಿ ಅಂತ ಅದನ್ನೇ ಹಾಕ್ದೆ.”

“ನೀವೇನಾ?” ಪ್ರಾಂಶುಪಾಲರು ಒಂದು ಕ್ಷಣ ಹಿಗ್ಗಿದರು. ಮರುಕ್ಷಣ ಕೈ ಅಲ್ಲಾಡಿಸಿದರು. “ಬೇಡ, ಬೇಡ. ಬಾಯಿ ಬಿಡಬೇಡಿ. ಕೆಲಸಕ್ಕೆ ಸೇರಿದ ಮೇಲಿನ ಪ್ರಬಂಧ ಮಾತ್ರ ಲೆಕ್ಕಕ್ಕೆ ಅಂತ ನಿಯಮ ಇದೆ. ವಿ. ತಿಲಗವತಿಯಿಂದ ನಮಗೆ ಒಂದು ಕಾಸಿನ ಉಪಯೋಗ ಇಲ್ಲ. ಅವಳ ಕಥೆ ತೆಗೆದ್ರೆ ಎಸ್ ಯಾರು ಅಂತಾರೆ, ಎಸ್ ಕೆದಕಿದ್ರೆ ಹಲ್ಲು ಉದುರುತ್ತೆ. ಸುಮ್ನೆ ‘ತಪ್ಪಾಯ್ತು ಸಾರ್, ಹೆಸರು ಹಾಕೋದು ಮರೆತೆ’ ಅಂದ್ಬಿಡಿ. ಒಂದು ಮಾತು. ಹುದ್ದೆ ನಿಮ್ದು.”

ತನ್ನ ಮನೆಯಿಂದಲೇ ತಾನು ಕದ್ದೆ ಎಂದು ಒಪ್ಪಿಕೊಳ್ಳುವುದರಲ್ಲಿ ಏನು ನಷ್ಟ ಎಂದು ತಿಲಗವತಿ ಯೋಚಿಸಿದಳು. ಯಾರಿಗೂ ನೋವಿಲ್ಲ. ದಂತವೈದ್ಯೆಗೆ ಆಮೇಲೆ ಹಲ್ಲು ಕೊಟ್ಟರಾಯಿತು. ಮೂರು ತಿಂಗಳ ಸಮುದ್ರ! ಅವಳು ತಲೆಯಾಡಿಸಿದಳು.

ಸಂದರ್ಶನದ ದಿನ ಸುಡಲೈಮುತ್ತು ರಜೆ ಹಾಕಿ ಜೊತೆಗೆ ಬಂದ. ಇಪ್ಪತ್ತನಾಲ್ಕು ವರ್ಷದ ಹಿಂದಿನ ತಮ್ಮ ಮದುವೆಯ ಕರೆಯೋಲೆಯನ್ನೂ ಚೀಲದಲ್ಲಿ ತಂದಿದ್ದ. ಹೆಸರು ಬದಲಾದದ್ದಕ್ಕೆ ಆ ಊರಿನಲ್ಲಿ ಎಲ್ಲ ಕಚೇರಿಗಳೂ ಕೇಳುವುದು ಅದನ್ನೇ. “ಬೇಕಾಗಲ್ಲ ರೀ,” ಎಂದಳು ತಿಲಗವತಿ. “ಇಟ್ಕೋ, ಎಂಜಿನಿಯರ್ ಬುದ್ಧಿ,” ಎಂದು ಅವನು ಅದನ್ನು ಅವಳ ಕಡತದೊಳಗೆ ತುರುಕಿದ.

ಒಳಗೆ ಜ್ಞಾನದುರೈ, ಆಡಳಿತ ಮಂಡಳಿಯ ಇಬ್ಬರು, ನಡುವೆ ಅಂಬಲವಾಣನ್. ಬೆಳ್ಳಗಿನ ಕೂದಲು, ಮೂಗಿನ ತುದಿಯಲ್ಲಿ ಕನ್ನಡಕ. ಹಲ್ಲಿನ ವಿಷಯದಲ್ಲಿ ಅವರು ಏನೂ ಕೇಳಲಿಲ್ಲ. ದೊಡ್ಡ ಅಂಕಿ ನೋಡಿ ಗೌರವದಿಂದ ಪುಟ ತಿರುಗಿಸಿದರು. ಆಮೇಲೆ ಕನ್ನಡಕ ತೆಗೆದರು.

“ಅಮ್ಮಾ, ಒಂದೇ ಒಂದು ವಿಷಯ. ವಿ. ತಿಲಗವತಿಯವರ ಪುಟವನ್ನ ನೀವು ತಗೊಂಡಿದ್ದೀರಿ.”

ಜ್ಞಾನದುರೈಯವರು ಮೇಜಿನ ಕೆಳಗಿನಿಂದ ಕಾಲು ಚಾಚಿ ತಾಕಿಸಿದರು.

“ತಪ್ಪಾಯ್ತು ಸಾರ್,” ಎಂದಳು ತಿಲಗವತಿ.

“ತಪ್ಪು ಎಲ್ರೂ ಮಾಡ್ತಾರೆ. ಬೇರೆ ಯಾರದಾದ್ರೂ ಆಗಿದ್ರೆ ನಾನು ಇಷ್ಟು ಬೇಜಾರು ಮಾಡ್ಕೋತಿರ್ಲಿಲ್ಲ.” ಮುದುಕರ ದನಿ ಮೆತ್ತಗಾಯಿತು. “ಆ ಹುಡುಗಿ ಐದೇ ಪ್ರಬಂಧ ಬರೆದದ್ದು. ಆರನೇದಕ್ಕೆ ನಾನು ಕಾಯ್ತಾ ಇದ್ದೆ. ಬರ್ಲಿಲ್ಲ. ಎರಡು ಕಾಗದ ಬರೆದೆ, ಉತ್ತರ ಇಲ್ಲ. ಅಷ್ಟು ಚೆನ್ನಾಗಿ ಕೆಲಸ ಮಾಡೋರು ಸುಮ್ನೆ ನಿಲ್ಸಲ್ಲಮ್ಮ. ತೀರ್ಕೊಂಡಿರ್ಬೇಕು ಅಂತ ಎಲ್ರೂ ಅಂದ್ಕೊಂಡ್ವಿ. ಬಂಡೆಹುಳುಗಳ ಬಗ್ಗೆ ನಾನು ಬರೆದ ಪುಸ್ತಕವನ್ನ ಅವಳ ನೆನಪಿಗೇ ಅರ್ಪಿಸಿದ್ದೀನಿ. ಸತ್ತೋರು ಬಂದು ಕೇಳಲ್ಲ ಅಂತ ಅವರ ಕೆಲಸ ತಗೋಬಾರ್ದು. ಅಷ್ಟೇ ನಾನು ಹೇಳೋದು.”

ಮೇಜಿನ ಕೆಳಗಿನ ಕಾಲು ಮತ್ತೆ ತಾಕಿತು. ಇನ್ನೊಂದು ಸಲ ‘ತಪ್ಪಾಯ್ತು’ ಎಂದರೆ ಮುಗಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಯಾವನೋ ಗುರುತಿಲ್ಲದ ಮುದುಕ ಇಷ್ಟು ವರ್ಷ ತನಗಾಗಿ ದುಃಖಪಟ್ಟಿದ್ದಾನೆ, ತಾನು ಒಂದು ದಿನವೂ ದುಃಖಪಟ್ಟಿಲ್ಲವಲ್ಲ ಎಂದು ಅವಳಿಗೆ ಹೊಳೆಯಿತು.

“ಅವಳು ಸತ್ತಿಲ್ಲ ಸಾರ್,” ಎಂದಳು. “ಅವಳಿಗೆ ಮದುವೆಯಾಯ್ತು, ಅಷ್ಟೇ.”

ಕಡತದಿಂದ ಕರೆಯೋಲೆ ತೆಗೆದು ಮುಂದಿಟ್ಟಳು. ನಾಲ್ಕು ಮೂಲೆಗೆ ಹಚ್ಚಿದ್ದ ಅರಿಶಿನ ಕಂದಿತ್ತು, ಗಣಪತಿಯ ಸೊಂಡಿಲು ಮಾಸಿತ್ತು. ಅಂಬಲವಾಣನ್ ಕನ್ನಡಕ ಏರಿಸಿ ಓದಿದರು. ವೇಲಾಯುದಂ ಅವರ ಮಗಳು, ಸೌಭಾಗ್ಯವತಿ ವಿ. ತಿಲಗವತಿ. ತಾರೀಖಿನ ಮೇಲೆ ಬೆರಳಿಟ್ಟರು. ಐದನೇ ಪ್ರಬಂಧ ಬಂದ ವರ್ಷವೇ. ಸಾವಿನ ಸುದ್ದಿಯ ಕಾಗದ ಓದುವವರ ಹಾಗೆ ಅವರು ಅದನ್ನು ಇನ್ನೊಮ್ಮೆ ಓದಿದರು.

“ಹಾಗಾದ್ರೆ,” ಎಂದರು ಕರೆಯೋಲೆ ಕೆಳಗಿಟ್ಟು, “ಈ ಮನುಷ್ಯರ ಹಲ್ಲುಗಳು?”

“ಅವು ಸೇಲಂನವ್ರದು ಸಾರ್. ನನ್ನವು ಕೆರೆಹುಳುದು ಮಾತ್ರ. ಸ್ವಲ್ಪಾನೇ.”

ಜ್ಞಾನದುರೈಯವರು ಕಣ್ಣು ಮುಚ್ಚಿಕೊಂಡರು. ಪ್ರಾರ್ಥನೆಯೋ ಶಾಪವೋ ಗೊತ್ತಾಗಲಿಲ್ಲ.

ಅಂಬಲವಾಣನ್ ಅವಳ ಪರ ವಾದಿಸದೆ ಬಿಡಲಿಲ್ಲ. ರಸಾಯನದ ಉಲ್ಲೇಖವನ್ನೂ ಹುಳುವಿನ ಉಲ್ಲೇಖವನ್ನೂ ಒಂದೇ ತಕ್ಕಡಿಗೆ ಹಾಕುವವರಿಗೆ ಬುದ್ಧಿ ಇದೆಯೇ ಎಂದು ಮಂಡಳಿಯವರ ಮೇಲೆ ಕೂಗಾಡಿದ್ದು ಹೊರಗಿನವರೆಗೂ ಕೇಳಿಸಿತು. ನಿಯಮ ನಿಯಮವೇ. ಮಧ್ಯಾಹ್ನಕ್ಕೆ ಹುದ್ದೆ ನಂಬಿರಾಜನ್ ಅವರದಾಯಿತು. ಮುದುಕರ ಕೈಯಲ್ಲಿ ಉಳಿದದ್ದು ಒಂದೇ, ಮಿನಿಬಸ್ಸಿನ ಜನಕ್ಕೂ ಯಂತ್ರದ ಕಂಪನಿಗೂ ಬರೆದು ತಿಲಗವತಿಯ ಹಳೆಯ ಹೊಸ ಪ್ರಬಂಧಗಳನ್ನೆಲ್ಲ ಒಂದೇ ಹೆಸರಿಗೆ ಸೇರಿಸುವುದು. “ಯಾವ ಹೆಸರಿಗಮ್ಮಾ?” ಎಂದು ಅವರು ಕೇಳಿದಾಗ ಅವಳು, “ವಿ.” ಎಂದಳು. ಯೋಚಿಸಲೂ ಇಲ್ಲ.

ಹೊರಗೆ ಬಂದ ಮೇಲೆ ಅವಳು ಲೆಕ್ಕ ಹಾಕಿದಳು. ಮೂರು ತಿಂಗಳ ಸಮುದ್ರ ಒಂದು ಮಾತಿಗೆ ಹೋಗಿತ್ತು. ಬೇವಿನ ಮರದ ಕೆಳಗೆ ಕಾಯುತ್ತಿದ್ದ ಗಂಡನಿಗೆ ನಡೆದದ್ದನ್ನೆಲ್ಲ ಹೇಳಿದಳು. ಸತ್ತಿದ್ದಾಳೆಂದು ಅವರು ಅಂದುಕೊಂಡದ್ದು, ತಾನು ಹೇಳಿದ್ದು, ಹುದ್ದೆ ತಪ್ಪಿದ್ದು, ಹೆಸರು ಬದಲಿಸಿದ್ದು. ಹೆಸರಿನ ಮಾತಿನಿಂದ ಸುಡಲೈಮುತ್ತುವಿಗೆ ನೋವಾಗಿತ್ತು, ಅದನ್ನು ಮುಚ್ಚಿಡಲು ಬೇರೆ ದಾರಿ ಗೊತ್ತಿಲ್ಲದೆ ಕೀಟಲೆಗೇ ಇಳಿದ.

“ಅಂದ್ರೆ ಎಸ್. ತಿಲಗವತಿ ಹೋಗ್ಬಿಟ್ಲು. ನಾನು ಇವತ್ತಿಂದ ಹೆಂಡ್ತಿ ಇಲ್ದೋನು.”

“ಅವಳು ಮನೇಲೇ ಇರ್ತಾಳೆ ಬಿಡಿ. ಪ್ರಬಂಧ ಬರಿಯೋಳು ಮಾತ್ರ ಬೇರೆ.”

“ಸರಿ. ಹೊಸಬ್ರು ಬಂದಿದ್ದಾರೆ, ಉಪಚಾರ ಮಾಡ್ಬೇಕಲ್ಲ.” ಗೇಟಿನ ಪಕ್ಕದ ಅಂಗಡಿಯ ಮುಂದೆ ನಿಂತು ಅವನು ಎಂದಿನ ಹಾಗೆ ಎರಡು ಬೆರಳು ತೋರಿಸಿದ. “ಅಣ್ಣಾಚಿ, ಎರಡು ಕಾಫಿ!” ಆಮೇಲೆ ಅವಳ ಕಡೆ ತಿರುಗಿ ಕಣ್ಣು ಮಿಟುಕಿಸಿದ. “ವಿ. ತಿಲಗವತಿಯವ್ರಿಗೆ ಸಕ್ಕರೆ ಎಷ್ಟೋ?”

“ಅವಳು ಕಾಫಿ ಕುಡೀತಿರ್ಲಿಲ್ಲ,” ಎಂದಳು ತಿಲಗವತಿ. “ಟೀ ಕುಡೀತಿದ್ಲು.”

ಸುಡಲೈಮುತ್ತು ನಗಲು ಹೊರಟವನು ಅವಳ ಮುಖ ನೋಡಿ ನಿಂತ. “ಏನೇ? ನಿನಗೆ ಕಾಫಿ ಇಷ್ಟ ಇಲ್ವಾ?”

“ಇಲ್ಲ.”

“ಇಷ್ಟು ವರ್ಷ ದಿನಾ ಬೆಳಿಗ್ಗೆ ಕುಡೀತಿದ್ದೀಯಲ್ಲೇ!”

“ನಿಮ್ಮ ಮನೇಲಿ ಕಾಫಿ ಮಾಡ್ತಿದ್ರು. ಯಾರೂ ಕೇಳ್ಲಿಲ್ಲ.”

ಅಂಗಡಿಯವನು ಎರಡನೇ ಲೋಟಕ್ಕೆ ಡಿಕಾಕ್ಷನ್ ಸುರಿಯಲು ಬಗ್ಗಿದ್ದ. ಸುಡಲೈಮುತ್ತು ಅವನ ಕೈ ಹಿಡಿದು ನಿಲ್ಲಿಸಿದ. ಅವನ ಬಾಯಿಗೆ ಒಂದು ಕೀಟಲೆಯೂ ಬರಲಿಲ್ಲ. ಹೆಂಡತಿಯ ಕಡೆ ತಿರುಗಿದ, ಹೊಸಬರನ್ನು ಕೇಳುವವನ ಹಾಗೆ ಸಂಕೋಚಪಟ್ಟುಕೊಂಡು ಕೇಳಿದ:

“ಹಾಲು ಹಾಕ್ಸ್ಲಾ, ಬೇಡ್ವಾ?”

“ಬೇಡ,” ಎಂದಳು ತಿಲಗವತಿ. “ಶುಂಠಿ ಹಾಕ್ಸಿ.”